ಹುಣಸೆಹಣ್ಣು ಹಾಕಿ ಉಜ್ಜಿದ ಅಚ್ಚು

ಕಾದ ಸೀಸದೊಳಗೆ ನನ್ನ ಹಣೆಯ ಒಂದು ಹನಿ ಬೆವರು ಬಿದ್ದು ಎಲ್ಲವೂ ಮುಖಕ್ಕೆ ಸಿಡಿಯಬಹುದಿತ್ತು. ಹೊಗೆ ಕುಡಿದು ಮೈಯಲ್ಲಿ ಸೀಸ ಸೇರಿ, ಮೊದಲೇ ಅಷ್ಟಕ್ಕಷ್ಟೇ ಇರುವ ನೆನಪಿನ ಶಕ್ತಿ ಪೂರ್ತಿ ಕೈಕೊಡಬಹುದಿತ್ತು. ಮರದ ಶೆಡ್ಡಿಗೆ ಬೆಂಕಿ ಹತ್ತಿ, ಶೆಡ್ಡಿನಿಂದ ಬೇಲಿಗೆ, ಬೇಲಿಯಿಂದ ಪಕ್ಕದವರ ಮೊಲದ ಗೂಡಿಗೆ ಹಬ್ಬಿ, ಆ ಮೊಲಗಳ ಪಾಪ ಏಳು ಜನ್ಮಕ್ಕೂ ನನ್ನ ಬೆನ್ನು ಹತ್ತಬಹುದಿತ್ತು. ನಮ್ಮ ಕಟ್ಟಡದ ಉಸ್ತುವಾರಿ ಕಚೇರಿ, ಇಲ್ಲಿನವರು ಹೌಸ್‌ಫರ್ವಾಲ್ಟುಂಗ್ ಎನ್ನುವುದು, ಮೂರು ಪುಟದ ಪತ್ರ ಕಳಿಸಬಹುದಿತ್ತು; ಮೂರನೆಯ ಪುಟದಲ್ಲಿ ಮನೆ ಖಾಲಿ ಮಾಡಬೇಕಾದ ತಾರೀಖು. ಎದುರುಮನೆಯ ಕಿಟಕಿಯಿಂದ ಯಾರಾದರೂ ನೋಡಿ, ಗಡ್ಡದ ವಿದೇಶಿಯೊಬ್ಬ ಶೆಡ್ಡಿನಲ್ಲಿ ಕೂತು ಗುಂಡು ತಯಾರಿಸುತ್ತಿದ್ದಾನೆಂದು ಪೊಲೀಸರಿಗೆ ಫೋನ್ ಮಾಡಬಹುದಿತ್ತು. ಹೆಂಡತಿ ಸೂಟ್‌ಕೇಸ್ ಎತ್ತಿಕೊಂಡು ಡ್ಯೂಸೆಲ್ಡಾರ್ಫಿನಲ್ಲಿರುವ ತಂಗಿಯ ಮನೆ ಸೇರಬಹುದಿತ್ತು. ನಾನು ಹೊಯ್ದ ಗುಂಡು ಕೂದಲೆಳೆಯಷ್ಟು ಹೆಚ್ಚು ದಪ್ಪವಾಗಿ, ಕೋವಿಯ ನಳಿಗೆಯ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡು, ಆಮೇಲೆ... ಇಲ್ಲಿಗೆ ಬಂದಾಗಲೆಲ್ಲ ನಾನು ಎದ್ದು ಹೋಗಿ ಒಂದು ಲೋಟ ನೀರು ಕುಡಿಯುತ್ತಿದ್ದೆ.

ಇವ್ಯಾವುವೂ ಆಗಲಿಲ್ಲ. ಐವತ್ತೊಂದು ವರ್ಷದ ಬದುಕಿನಲ್ಲಿ ನಾನು ಮುಂದಾಗಿ ಚಿಂತಿಸಿದ ಒಂದೇ ಒಂದು ಅನಾಹುತವೂ ಹೇಳಿದ ಹಾಗೆ ನಡೆದದ್ದಿಲ್ಲ. ಇಷ್ಟು ಅಭ್ಯಾಸ ಮಾಡಿದ ವಿದ್ಯೆಯಲ್ಲೂ ನನಗೆ ಕೈ ಕುದುರಿಲ್ಲ.

ಇಂಥವನು ಸೀಸ ಕಾಯಿಸಲು ಹೋದದ್ದು ಸಿಟ್ಟಿನಿಂದ. ಬೇರೆ ಯಾವ ಕಾರಣಕ್ಕೂ ಹೋಗುತ್ತಿರಲಿಲ್ಲ.

ನಮ್ಮ ಕೆಳಗಿನ ಮನೆಯಲ್ಲಿ ನಿವೃತ್ತ ಉಪಕರಣ ತಯಾರಕರೊಬ್ಬರಿದ್ದಾರೆ. ಎಪ್ಪತ್ತೊಂಬತ್ತು ವಯಸ್ಸು, ಒಂಟಿ, ತೋಟದ ಮೂಲೆಯಲ್ಲಿ ಒಂದು ಶೆಡ್ಡು. ನಾವು ಈ ಕಟ್ಟಡಕ್ಕೆ ಬಂದ ಮೊದಲ ದಿನದಿಂದ ನನ್ನನ್ನು ಅವರು 'ಹೆರ್ ನಾಖ್‌ಬಾರ್' ಎಂದೇ ಕರೆಯುವುದು. 'ನೆರೆಮನೆಯ ಸ್ವಾಮಿಗಳೇ' ಎಂದ ಹಾಗೆ, ಅರ್ಧ ಮರ್ಯಾದೆ, ಅರ್ಧ ತಮಾಷೆ. ಅವರ ಎಡಗಣ್ಣು ಮಂಜಾಗಿ ಕಾರು ಓಡಿಸುವುದನ್ನು ಬಿಟ್ಟ ಮೇಲೆ, ತಿಂಗಳಿಗೊಂದು ಶನಿವಾರ ಅವರನ್ನು ಶೂಟಿಂಗ್ ಕ್ಲಬ್ಬಿಗೆ ಬಿಡುವ ಕೆಲಸ ನನ್ನ ಪಾಲಿಗೆ ಬಂತು. ಹಳೆಯ ಕಾಲದ ಕೋವಿಗಳ ಕ್ಲಬ್ಬು ಅದು. ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೆ ಗೋಲಿಯಂಥ ಸೀಸದ ಗುಂಡನ್ನು ದೂಡಿ, ಗುರಿ ಹಲಗೆಯ ಕಾಗದಕ್ಕೆ ಹೊಡೆಯುವುದು. ಢಂ ಎಂದ ಮೇಲೆ ಅರ್ಧ ನಿಮಿಷ ಯಾರಿಗೂ ಏನೂ ಕಾಣುವುದಿಲ್ಲ. ನಾನು ಹಿಂದಿನ ಮೇಜಿನಲ್ಲಿ ಸೇಬಿನ ರಸ ಕುಡಿಯುತ್ತ, ಎರಡು ಕಿವಿಗೂ ಹತ್ತಿ ತುರುಕಿಕೊಂಡು ಕೂತಿರುತ್ತಿದ್ದೆ.

ಬೇಸಿಗೆಯ ಕೊನೆಯ ಒಂದು ಶನಿವಾರ ನಮ್ಮ ಕೆಳಮನೆಯ ಹಿರಿಯರು ಕೆಟ್ಟದಾಗಿ ಹೊಡೆದರು. ಗುಂಡುಗಳು ಕಾಗದದ ನಾಲ್ಕು ಮೂಲೆಗೂ ಹೋಗಿದ್ದವು. ಎಲ್ಲರೂ ಕಾಫಿಗೆ ಕೂತಾಗ ಕ್ಲಬ್ಬಿನ ಮೇಲ್ವಿಚಾರಕ ಬಂದ. ನನ್ನ ವಯಸ್ಸಿನವನೇ, ಇಸ್ತ್ರಿ ಮಾಡಿದ ಅಂಗಿ. ಹಿರಿಯರ ಡಬ್ಬಿಯಿಂದ ಒಂದು ಗುಂಡು ಎತ್ತಿ, ಮೇಜಿನ ನಡುವೆ ಬಿಳಿ ಪೇಪರ್ ನ್ಯಾಪ್ಕಿನ್ನಿನ ಮೇಲೆ ಇಟ್ಟ. ಗುಂಡು ಒಣದ್ರಾಕ್ಷಿಯ ಹಾಗೆ ಸುಕ್ಕುಗಟ್ಟಿತ್ತು, ನಡುವೆ ರೆಕ್ಕೆಯಂಥ ಒಂದು ಅಂಚು.

"ಇದನ್ನ ಕಿಟಕಿ ಪರದೆ ಅಂಚಿಗೆ ಹೊಲಿಸಿ," ಎಂದ. "ಗಾಳಿಗೆ ಹಾರಲ್ಲ."

ಎಲ್ಲರೂ ನಕ್ಕರು. ಅಕ್ಟೋಬರಿನಲ್ಲಿ ವರ್ಷದ ಕೊನೆಯ ಪಂದ್ಯವಿದೆ, ಅದಕ್ಕೆ ಅಂಗಡಿಯ ಗುಂಡು ತನ್ನಿ, ಇಲ್ಲವಾದರೆ ಆ ದಿನ ಕಾಫಿ ಕೌಂಟರಿಗೂ ಒಬ್ಬರು ಬೇಕು ಎಂದೂ ಸೇರಿಸಿದ. ಅದಕ್ಕೂ ನಕ್ಕರು. ಹಿರಿಯರು ನ್ಯಾಪ್ಕಿನ್ನಿನಿಂದ ಗುಂಡನ್ನು ತೆಗೆದು, ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿದರು.

ವಾಪಸು ಬರುವಾಗ ಕಾರಿನಲ್ಲಿ ಡಬ್ಬಿ ಅವರ ತೊಡೆಯ ಮೇಲಿತ್ತು. ನಮ್ಮ ರಸ್ತೆಯ ತಿರುವಿನಲ್ಲಿ ಅವರು ಮುಂದಿನ ಗಾಜನ್ನೇ ನೋಡುತ್ತ ಹೇಳಿದರು:

"ನೀವೂ ನಕ್ಕಿರಿ, ಹೆರ್ ನಾಖ್‌ಬಾರ್."

ನಕ್ಕಿದ್ದೆ. ಹದಿನೇಳು ವರ್ಷದಿಂದ ಈ ದೇಶದಲ್ಲಿ ಯಾವ ಮೇಜಿನ ಸುತ್ತ ನಾಲ್ಕು ಜನ ನಕ್ಕರೂ ಅರ್ಧ ಸೆಕೆಂಡ್ ತಡವಾಗಿ ನಾನೂ ನಗುತ್ತೇನೆ. ಜೋಕು ಅರ್ಥವಾದರೂ ನಗು, ಆಗದಿದ್ದರೂ ನಗು, ನನ್ನ ಮೇಲೆಯೇ ಆಗಿದ್ದರೆ ಸ್ವಲ್ಪ ಜೋರಾಗಿ. ಅದು ಅಭ್ಯಾಸವಾಗಿಬಿಟ್ಟಿದೆ, ಸೀನು ಬಂದ ಹಾಗೆ ಬರುತ್ತದೆ. ಆ ಇಸ್ತ್ರಿ ಅಂಗಿಯವನ ಮೇಲೆ ನನಗೆ ಬಂದ ಸಿಟ್ಟು ದೊಡ್ಡದು. ನನ್ನ ಹಲ್ಲುಗಳ ಮೇಲೆ ಬಂದದ್ದು ಅದಕ್ಕಿಂತ ದೊಡ್ಡದು. ಕಾರು ನಿಲ್ಲಿಸುವ ಮೊದಲೇ ಹೇಳಿದೆ, ಪಂದ್ಯಕ್ಕೆ ಬೇಕಾದ ಗುಂಡುಗಳನ್ನು ನಾನು ಹೊಯ್ದು ಕೊಡುತ್ತೇನೆ ಎಂದು. ಅವರು ಬೇಡ ಎನ್ನಬಹುದು ಎಂದು ಒಳಗೊಳಗೇ ಆಸೆಯಿತ್ತು. ಅವರು ಸರಿ ಎಂದರು.

ಮರುದಿನ ಮೆತ್ತನೆ ಬಟ್ಟೆಯಲ್ಲಿ ಸುತ್ತಿದ ಅಚ್ಚು ನನ್ನ ಕೈಗೆ ಬಂತು. ಇಕ್ಕಳದ ಹಾಗೆ ಎರಡು ಮರದ ಹಿಡಿ, ತುದಿಯಲ್ಲಿ ಹಿತ್ತಾಳೆಯ ಎರಡು ಹೋಳು. ಒಂದೊಂದರಲ್ಲೂ ಅರ್ಧ ಗೋಲಿಯ ಕುಳಿ. ಮೇಲೆ ತಿರುಪಿನ ಮೇಲೆ ಓಲಾಡುವ ತಟ್ಟೆ, ತಟ್ಟೆಯಲ್ಲಿ ಸೀಸ ಹೊಯ್ಯುವ ತೂತು. ಕೆಲಸ ಕಲಿಯುವ ಹುಡುಗನಾಗಿದ್ದಾಗ ತಾವೇ ಅರದಿಂದ ಉಜ್ಜಿ ಮಾಡಿದ್ದು ಎಂದರು. ಅಲ್ಲಿಂದ ಇಲ್ಲಿಯವರೆಗೆ ಬೇರೆ ಅಚ್ಚಿನ ಗುಂಡು ಅವರ ಕೋವಿಗೆ ಹೋಗಿಲ್ಲ, ಹೋಗುವುದೂ ಇಲ್ಲ. ಅಚ್ಚಿಗೆ ಏನೂ ಆಗಿಲ್ಲ, ತಮ್ಮ ಕೈ ನಡುಗಿ ಸೀಸ ನಿಧಾನ ಇಳಿಯುತ್ತದೆ, ಅದಕ್ಕೇ ಸುಕ್ಕು ಎಂದರು. "ಏನೂ ಮಾಡಬೇಡಿ. ಶನಿವಾರ ತನ್ನಿ, ಅಷ್ಟೇ."

ಮನೆಗೆ ತಂದು ದೀಪದ ಕೆಳಗೆ ತೆರೆದು ನೋಡಿದೆ. ಒಳಗೆಲ್ಲ ಕಂದು, ಕಪ್ಪು, ಕಿಲುಬು. ನನ್ನ ಹೊಟ್ಟೆಪಾಡು ನೊಯ್‌ಬಿಬರ್ಗ್ ಎಂಬ ಊರಿನಲ್ಲಿ ಕಂಪ್ಯೂಟರ್ ಚಿಪ್‌ಗಳ ಕೆಲಸ. ಸಿಲಿಕಾನ್ ಬಿಲ್ಲೆಯ ಮೇಲೆ ಕಣ್ಣಿಗೆ ಕಾಣದ ಒಂದು ಕಣ ಕೂತರೆ ಅದು ಎಲ್ಲಿಂದ ಬಂತು ಎಂದು ಹುಡುಕುವುದಕ್ಕೇ ನನಗೆ ಸಂಬಳ. ಇಷ್ಟು ಕೊಳೆಯನ್ನು ಒಳಗಿಟ್ಟುಕೊಂಡು ಗುಂಡು ನುಣುಪಾಗಿ ಬಾ ಎಂದರೆ ಹೇಗೆ ಬಂದೀತು? ಮುದುಕರಿಗೆ ಕಣ್ಣು ಕಾಣುವುದಿಲ್ಲ, ಹೇಳುವವರಿಲ್ಲ, ನಾನು ಹೇಳದೆಯೇ ಮಾಡಿಬಿಡುತ್ತೇನೆ ಎಂದುಕೊಂಡೆ. ಸಿಟ್ಟು ಇನ್ನೂ ಇಳಿದಿರಲಿಲ್ಲ ಬೇರೆ. ನಮ್ಮ ಮನೆತನದಲ್ಲಿ ಸಿಟ್ಟು ಬಂದವರು ಪಾತ್ರೆ ಉಜ್ಜುತ್ತಾರೆ. ಹಿತ್ತಾಳೆ ಕಂಡರೆ ಕೈ ತಾನಾಗಿ ಹುಣಸೆಹಣ್ಣಿನ ಡಬ್ಬಿಗೆ ಹೋಗುತ್ತದೆ. ನಿಂಬೆಗಾತ್ರದ ಹುಣಸೆಹಣ್ಣು ನೆನೆಸಿ, ಕಲ್ಲುಪ್ಪು ಸೇರಿಸಿ, ಹಳೆಯ ಟೂತ್‌ಬ್ರಷ್ ಹಿಡಿದು, ನ್ಯಾಪ್ಕಿನ್ನನ್ನೂ ಪರದೆಯನ್ನೂ ನೆನೆಸಿಕೊಂಡು ಉಜ್ಜಿದೆ. ತಿರುಪು ಬಿಚ್ಚಿ, ತಟ್ಟೆಯ ಅಡಿಯನ್ನೂ ಉಜ್ಜಿ, ಮತ್ತೆ ಬಿಗಿಯಾಗಿ ಕೂರಿಸಿದೆ. ಅರ್ಧ ಗಂಟೆಯಲ್ಲಿ ಅಚ್ಚು ಶುಕ್ರವಾರದ ದೀಪದ ಕಂಬದಂತೆ ಹೊಳೆಯಿತು. ಹೆಂಡತಿಯನ್ನು ಕರೆದು ತೋರಿಸಿದೆ. "ಚೆನ್ನಾಗಿದೆ," ಎಂದಳು, "ನಮ್ಮನೆ ದೀಪಗಳಿಗೆ ಯಾವತ್ತು ಬರುತ್ತೆ ಈ ಯೋಗ?"

ಶನಿವಾರ ಶೆಡ್ಡಿನ ಎರಡೂ ಬಾಗಿಲು ತೆರೆದು, ಚಿಕ್ಕ ವಿದ್ಯುತ್ ಒಲೆಯಲ್ಲಿ ಸೀಸ ಕರಗಿಸಿದೆವು. ಜೊತೆಗೆ ಉಗುರಿನಷ್ಟು ತವರ; ಸೀಸ ಸಲೀಸಾಗಿ ಹರಿಯಲು. ಹಿರಿಯರು ಹೊರಗೆ ಮಡಿಸುವ ಕುರ್ಚಿಯಲ್ಲಿ ಕೂತು ಹೇಳುವುದು, ನಾನು ಕನ್ನಡಕ, ಚರ್ಮದ ಕೈಗವಸು, ಮಾಸ್ಕು, ಅದರ ಮೇಲೊಂದು ಮುಖಗವಚ ಹಾಕಿಕೊಂಡು ಮಾಡುವುದು. ಮೇಲೆ ತೇಲುವ ಕಿಟ್ಟವನ್ನು ತೆಗೆದ ಮೇಲೆ ಅಚ್ಚು ಎಂದರು. ನಾನು ಬಟ್ಟೆ ಬಿಚ್ಚಿದೆ.

ಅವರು ನೋಡಿದರು. ಕೈ ಚಾಚಿ ತೆಗೆದುಕೊಂಡು, ಮೂಗಿನ ಹತ್ತಿರ ಹಿಡಿದು ಮೂಸಿದರು. ಇದೇನು ವಾಸನೆ ಎಂದು ಕೇಳಿದರು. ಹುಣಸೆಹಣ್ಣು ಎಂದೆ, ಹುಳಿಯಾದ ಹಣ್ಣು, ನಾವು ಸಾರಿಗೆ ಹಾಕುತ್ತೇವೆ ಎಂದೂ ವಿವರಿಸಿದೆ, ಆ ವಿವರ ಬೇಕಿತ್ತೆಂಬ ಹಾಗೆ.

"ಅಂದ್ರೆ ನನ್ನ ಅಚ್ಚಿನಲ್ಲಿ ಅಡುಗೆ ಮಾಡಿದಿರಿ," ಎಂದರು. ಆಮೇಲೆ, "ಹೊಯ್ಯಿರಿ. ನೀವೇ ನೋಡಿ."

ಮೊದಲ ಗುಂಡು ಅರ್ಧ ಮಾತ್ರ ತುಂಬಿತ್ತು. ಎರಡನೆಯದು ಪೂರ್ತಿ ತುಂಬಿತು, ಆದರೆ ಹೊರಗೆ ಬರಲಿಲ್ಲ. ಹಿಡಿಯ ಕೀಲಿಗೆ ಮರದ ಸುತ್ತಿಗೆಯಿಂದ ತಟ್ಟಿದೆ, ಜೋರಾಗಿ ತಟ್ಟಿದೆ. ಒಂದು ಹೋಳಿಗೆ ಅಂಟಿಕೊಂಡು ಕೂತಿತ್ತು, ನನ್ನನ್ನೇ ನೋಡುತ್ತ. ಹುಳಿಯಲ್ಲಿ ತೊಳೆದ ಹೊಳೆಯುವ ಹಿತ್ತಾಳೆ, ಅದರ ಮೇಲೆ ತವರ ಬೆರೆತ ಬಿಸಿ ಸೀಸ: ಇದಕ್ಕೆ ಬೆಸುಗೆ ಎನ್ನುತ್ತಾರೆ. ಲೋಹಗಳ ವಿಷಯದಲ್ಲಿ ನನಗೊಂದು ಸ್ನಾತಕೋತ್ತರ ಪದವಿಯಿದೆ. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ.

ಸ್ಕ್ರೂಡ್ರೈವರ್ ಎತ್ತಿ ಮೀಟಲು ಹೋದೆ. ಹಿರಿಯರು ಕುರ್ಚಿಯಿಂದ ಎದ್ದದ್ದು ಕಾಣಲಿಲ್ಲ, ಕೈಗವಸಿನ ಮೇಲೆ ಏಟು ಬಿದ್ದದ್ದು ಗೊತ್ತಾಯಿತು. ಕುಳಿಯ ಹತ್ತಿರ ಕಬ್ಬಿಣ ತರಬಾರದಂತೆ. ಹೋಳನ್ನು ಒಲೆಯ ಬಿಸಿ ತಟ್ಟೆಯ ಮೇಲಿಟ್ಟು, ಅಂಟಿದ್ದು ತಾನಾಗಿ ಕರಗಿ ಜಾರುವವರೆಗೂ ಇಬ್ಬರೂ ಕಾದೆವು. ಜಾರಿದ ಮೇಲೆ ಅವರು ಒಲೆಯ ಸ್ವಿಚ್ಚು ತೋರಿಸಿ, ಮನೆಯೊಳಗೆ ಹೋಗಿ, ತೋಟದ ಬಾಗಿಲು ಹಾಕಿಕೊಂಡರು.

ಪಂದ್ಯಕ್ಕೆ ಮೂರು ಶನಿವಾರ ಉಳಿದಿದ್ದವು. ನಾನು ಮೇಲೆ ಬಂದು ಅಡುಗೆಮನೆಯಲ್ಲಿ ಕೂಗಾಡಿದೆ. ಮುದುಕರ ಮೇಲೆ, ಮೇಲ್ವಿಚಾರಕನ ಮೇಲೆ, ಹೇಳಿಕೊಡದೆ ಮಾಡಿಸುವ ಇಡೀ ಜರ್ಮನಿಯ ಮೇಲೆ. ಕೊಳೆ ತೆಗೆದದ್ದು ತಪ್ಪಾಯಿತೇ ಎಂದು ಕೇಳಿದೆ. ಹೆಂಡತಿ ಮರುದಿನದ ತಿಂಡಿಗೆ ಅಕ್ಕಿ ಉದ್ದು ತೊಳೆಯುತ್ತಿದ್ದಳು, ತಲೆ ಎತ್ತಲಿಲ್ಲ.

"ಅತ್ತೆ ದೋಸೆ ಕಾವಲೀನ ಯಾವತ್ತಾದ್ರೂ ಹುಣಸೆಹಣ್ಣು ಹಾಕಿ ಉಜ್ಜಿದ್ದು ನೋಡಿದೀರಾ?"

"ಇಲ್ಲ."

"ಉಜ್ಜಿದ್ರೆ ಏನಾಗುತ್ತೆ?"

"ದೋಸೆ ಏಳಲ್ಲ."

"ಮತ್ತೆ? ದೀಪಕ್ಕೂ ಕಾವಲಿಗೂ ಡಿಫರೆನ್ಸ್ ಗೊತ್ತಿಲ್ದೆ ಇಪ್ಪತ್ತೆರಡು ವರ್ಷ ನಾನು ಹುಯ್ದಿದ್ದು ತಿಂದ್ರಲ್ಲ, ಮಹಾನುಭಾವ. ಪಳಗಿಸ್ಕೊಳ್ಳಿ ಹೋಗಿ ಅದನ್ನ."

ಇಷ್ಟು ಸುಲಭವಾಗಿ ಅರ್ಥವಾದದ್ದಕ್ಕೂ ನನಗೆ ಸಿಟ್ಟೇ ಬಂತು.

ಮುಂದಿನ ಶನಿವಾರ ಹಿರಿಯರ ಬಾಗಿಲ ಗಂಟೆ ಒತ್ತಿ, ಅಚ್ಚನ್ನು ಮತ್ತೆ ಪಳಗಿಸೋಣ, ನೀವು ಹೇಳಿ, ನಾನು ಹೇಳಿದಷ್ಟೇ ಮಾಡುತ್ತೇನೆ ಎಂದೆ. ಅವರು ಕೋಟು ಹಾಕಿಕೊಂಡು ಬಂದರು. ಬಿಸಿನೀರಿನಲ್ಲಿ ತೊಳೆದು ಹುಳಿ ಬಿಡಿಸಿದೆ. ಎರಡು ಹೋಳು ಕೂಡುವ ಮುಖದ ಮೇಲೆ ಕೂದಲಿನಷ್ಟು ಸಣ್ಣ ಗೀರುಗಳಿದ್ದವು. ಸೀಸ ಒಳಗೆ ಬರುವಾಗ ಗಾಳಿ ಹೊರಗೆ ಹೋಗುವ ದಾರಿ ಅದು, ಕಟ್ಟಿಕೊಂಡರೆ ಗುಂಡು ಅರ್ಧವೇ ಆಗುತ್ತದೆ. ನನ್ನ ಹುಣಸೆಯ ನಾರು ಅಲ್ಲೆಲ್ಲ ಕೂತಿತ್ತು. ಹಲ್ಲುಕಡ್ಡಿಯಿಂದ ಒಂದೊಂದೇ ಬಿಡಿಸಿದೆ. ಆಮೇಲೆ ಖಾಲಿ ಅಚ್ಚನ್ನು ಬಿಸಿ ಮಾಡುವುದು, ಆರಿಸುವುದು, ಮತ್ತೆ ಬಿಸಿ ಮಾಡುವುದು. ಮೂರನೆಯ ಸಲಕ್ಕೆ ಹಳದಿ ಹೋಗಿ ಒಣಹುಲ್ಲಿನ ಬಣ್ಣ, ಆಮೇಲೆ ತಿಳಿ ಕಂದು. ಕೊನೆಗೆ ಮೇಣದಬತ್ತಿಯ ಹೊಗೆಯನ್ನು ಕುಳಿಗೆ ಹಿಡಿಯುವುದು, ಎಳೆಗೂಸಿನ ಕಣ್ಣಿಗೆ ಕಾಡಿಗೆ ಹಚ್ಚಿದಷ್ಟು ತೆಳ್ಳಗೆ.

ತಟ್ಟೆಯ ತಿರುಪಿನಲ್ಲಿ ಜಗಳವಾಯಿತು. ನಾನು ಬಿಗಿದದ್ದು ಅತಿಯಾಗಿತ್ತು, ತಟ್ಟೆ ಅಲುಗುತ್ತಿರಲಿಲ್ಲ. ಸಡಿಲ ಬಿಟ್ಟರೆ ತಟ್ಟೆಯ ಅಡಿಗೆ ಸೀಸ ನುಗ್ಗುತ್ತದೆ. ಅಚ್ಚನ್ನು ಓರೆ ಮಾಡಿದರೆ ತನ್ನ ಭಾರಕ್ಕೇ ತಟ್ಟೆ ತಿರುಗಬೇಕು, ಮೇಲೆ ಮಾತ್ರ ಏಳಬಾರದು. ಅವರು ಕಿವಿಯನ್ನು ಅಚ್ಚಿನ ಹತ್ತಿರ ತಂದು, ತಿರುಪಿನ ಸದ್ದು ಕೇಳುತ್ತ, ಸ್ವಲ್ಪ ಬಿಗಿ, ಬೇಡ, ಹಿಂದಕ್ಕೆ, ಅಷ್ಟಲ್ಲ ಎನ್ನುತ್ತ ಮುಕ್ಕಾಲು ಗಂಟೆ ನನ್ನನ್ನು ಆಡಿಸಿದರು. ಮುಖಗವಚದೊಳಗೆ ಬೆವರು ಇಳಿಯುತ್ತಿತ್ತು. ಸ್ಕ್ರೂಡ್ರೈವರನ್ನು ಬೆಂಚಿಗೆ ಕುಕ್ಕಿ, "ಹಾಗಾದ್ರೆ ನೀವೇ ತಿರುಗಿಸಿ," ಎಂದುಬಿಟ್ಟೆ.

ಅವರು ಸ್ಕ್ರೂಡ್ರೈವರನ್ನು ಎತ್ತಿಕೊಂಡರು. ಅದರ ತುದಿ ತಿರುಪಿನ ತಲೆಯ ಸುತ್ತ ಟಿಕಟಿಕ ಎಂದು ಬಡಿಯಿತೇ ಹೊರತು ಸೀಳಿಗೆ ಕೂರಲಿಲ್ಲ. ಐದಾರು ಸಲ ಪ್ರಯತ್ನಿಸಿದರು. ನಾನು ನೋಡುವವರೆಗೂ ಪ್ರಯತ್ನಿಸಿದರು ಎಂದು ಈಗ ಅನಿಸುತ್ತದೆ. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟು, "ಕಾಲು ಸುತ್ತು ಹಿಂದಕ್ಕೆ," ಎಂದರು. ನಾನು ತಿರುಗಿಸಿದೆ. ತಟ್ಟೆ ತಾನಾಗಿ ತೂಗಿ ಬದಿಗೆ ಸರಿಯಿತು.

ಆ ದಿನ ಹೊಯ್ದದ್ದೆಲ್ಲ ಮತ್ತೆ ಪಾತ್ರೆಗೇ ಹೋಯಿತು. ನಿಧಾನ ಮಾಡಿದರೆ ಅಚ್ಚು ತಣ್ಣಗಾಗಿ ಸುಕ್ಕು. ಅವಸರಿಸಿದರೆ ಅಚ್ಚು ಕಾದು ಗುಂಡಿನ ಮೇಲೆ ಮಂಜು ಕೂತ ಹಾಗೆ ಬಿಳಿಚು. ಅದರ ನಂತರದ ಶನಿವಾರ ಕೈಗೆ ಒಂದು ಲಯ ಬಂತು. ಹೊಯ್ಯುವುದು, ನಾಲ್ಕು ಎಣಿಸುವುದು, ತಟ್ಟೆಯನ್ನು ತಟ್ಟಿ ತೂತಿನಲ್ಲಿ ಉಳಿದ ಸೀಸದ ಬಾಲ ಕತ್ತರಿಸುವುದು, ತೆರೆಯುವುದು. ಗುಂಡು ಮಡಿಸಿದ ಟವೆಲ್ಲಿನ ಮೇಲೆ ತಾನಾಗಿ ಉದುರುತ್ತಿತ್ತು, ಬಲಿತ ನೇರಳೆಹಣ್ಣು ಉದುರಿದ ಹಾಗೆ. ರೆಕ್ಕೆಯಿಲ್ಲ, ಸುಕ್ಕಿಲ್ಲ, ನಡುವಿನ ಗೆರೆ ಉಗುರಿಗೂ ತಾಕುವುದಿಲ್ಲ. ಹಿರಿಯರು ಭೂತಗನ್ನಡಿ ಹಿಡಿದು ಒಂದೊಂದನ್ನೇ ತಿರುಗಿಸಿ ನೋಡಿದರು. ಹೊಗಳಲಿಲ್ಲ. ಡಬ್ಬಿಯ ಮುಚ್ಚಳ ತೆರೆದರು.

ನಾನು ಅಲ್ಲಿಗೇ ಬಿಡುವವನಲ್ಲವಲ್ಲ. ಒಳಗೆ ಗಾಳಿಗುಳ್ಳೆ ಸೇರಿದ ಗುಂಡು ಹೊರಗೆ ಚೆಂದ ಕಂಡರೂ ತೂಕದಲ್ಲಿ ಹಗುರವಾಗುತ್ತದೆ ಎಂದು ಓದಿದ್ದೆ. ಅಳತೆಯ ತಕ್ಕಡಿ ತಂದು ಎಲ್ಲವನ್ನೂ ತೂಗಿದೆ. ಪಂದ್ಯಕ್ಕೆ ಹದಿಮೂರು ಹೊಡೆತ, ಅದರಲ್ಲಿ ಒಳ್ಳೆಯ ಹತ್ತು ಲೆಕ್ಕಕ್ಕೆ. ತೂಕ ಒಂದೇ ಬಂದ ಹದಿಮೂರನ್ನು ಆರಿಸಿ, ಉಳಿದದ್ದನ್ನೆಲ್ಲ ಕರಗಿಸಿಬಿಟ್ಟೆ. ಸುಮಾರಾದ ಗುಂಡು ಒಂದಾದರೂ ಈ ಭೂಮಿಯ ಮೇಲೆ ಉಳಿದು, ಅದು ಆ ಮನುಷ್ಯನ ನ್ಯಾಪ್ಕಿನ್ನಿಗೆ ಹೋಗಿ ಕೂರುವುದು ನನಗೆ ಬೇಕಿರಲಿಲ್ಲ. ನಾಲ್ಕೈದು ಹೆಚ್ಚಿಗೆ ಇರಲಿ ಎಂದು ಹಿರಿಯರು ಹೇಳಿದ್ದರು. ಬೇಕಾಗುವುದಿಲ್ಲ ಎಂದಿದ್ದೆ.

ಪಂದ್ಯದ ದಿನ ಆಸರೆಯ ಮೇಲೆ ಕೋವಿ ಇಟ್ಟು ಹೊಡೆಯುವ ವಯಸ್ಸಾದವರ ವಿಭಾಗ ಬೆಳಗ್ಗೆಯೇ ಇತ್ತು. ಕೈ ನಡುಗುವವರ ಪಕ್ಕದಲ್ಲಿ ಗುಂಡು ಕೊಡಲು ಒಬ್ಬರು ನಿಲ್ಲಬಹುದು. ನಾನು ನಿಂತೆ. ಮೇಲ್ವಿಚಾರಕ ತಪಾಸಣೆಗೆ ಬಂದು ಡಬ್ಬಿಯೊಳಗೆ ನೋಡಿದ. ಒಂದು ಗುಂಡನ್ನು ಎತ್ತಿ, ಬೆಳಕಿಗೆ ಹಿಡಿದು, ಬೆರಳ ನಡುವೆ ಉರುಳಿಸಿದ. ಪರದೆಗೆ ಬೇಕಾದರೆ ಬೇರೆ ಹೊಯ್ದು ಕೊಡುತ್ತೇನೆ ಎಂದು ಹೇಳಲು ಕಾರಿನಲ್ಲಿ ಜರ್ಮನ್ ವಾಕ್ಯವೊಂದನ್ನು ಪೂರ್ತಿ ಜೋಡಿಸಿಕೊಂಡು ಬಂದಿದ್ದೆ. ಅವನು ಗುಂಡನ್ನು ವಾಪಸು ಇಟ್ಟು, ತಲೆಯಾಡಿಸಿ, ಮುಂದಿನವರ ಕಡೆ ಹೋದ. ವಾಕ್ಯ ನನ್ನ ಬಾಯಲ್ಲೇ ಉಳಿಯಿತು. ಅವನು ನಕ್ಕಿದ್ದರೆ ಈ ಸಲ ನಾನು ನಗುತ್ತಿರಲಿಲ್ಲ. ಅದನ್ನು ತೋರಿಸುವ ಅವಕಾಶವನ್ನೂ ಆ ಮನುಷ್ಯ ಕೊಡಲಿಲ್ಲ.

ಹಿರಿಯರು ಅಳೆದಿಟ್ಟ ಮದ್ದನ್ನು ನಳಿಗೆಗೆ ಸುರಿದು, ನನ್ನ ಕಡೆ ನೋಡದೆ ಅಂಗೈ ಹಿಂದಕ್ಕೆ ಚಾಚುವರು. ನಾನು ಗುಂಡು ಇಡುವೆನು. ಢಂ. ಹೊಗೆ. ಮತ್ತೆ ಅಂಗೈ. ಹೊಗೆ ತಿಳಿಯಾದಾಗಲೆಲ್ಲ ದೂರದರ್ಶಕದಲ್ಲಿ ನೋಡಿದೆ. ತೂತುಗಳು ಕಪ್ಪು ವೃತ್ತದೊಳಗೆ ಒಂದರ ಪಕ್ಕ ಒಂದು, ಮೈಗೆ ಮೈ ತಾಗಿಸಿಕೊಂಡು ಕೂರುತ್ತಿದ್ದವು. ಪಕ್ಕದ ಸಾಲಿನವರು ತಮ್ಮದನ್ನು ಬಿಟ್ಟು ನಮ್ಮ ಕಾಗದ ನೋಡತೊಡಗಿದರು. ಹನ್ನೆರಡು ಹೊಡೆತ ಹೀಗೆ ಹೋಯಿತು. ಹಿರಿಯರು ಮತ್ತೆ ಮದ್ದು ಸುರಿದು ಅಂಗೈ ಚಾಚಿದರು.

ಡಬ್ಬಿ ಖಾಲಿ.

ನೆಲ ನೋಡಿದೆ, ಜೇಬು ನೋಡಿದೆ. ಆಮೇಲೆ ನೆನಪಾಯಿತು. ಬೆಳಗ್ಗೆ ಹೊರಡುವ ಮುಂಚೆ ಒಂದು ಗುಂಡಿನ ಮೇಲೆ ಅನುಮಾನ ಬಂದು ಅದನ್ನು ಇನ್ನೊಮ್ಮೆ ತೂಗಿದ್ದೆ. ಸರಿಯಾಗಿಯೇ ಇತ್ತು. ಸರಿಯಾಗಿದೆಯೇ ಎಂದು ಮತ್ತೊಮ್ಮೆ ತೂಗಲು ಇಟ್ಟಾಗ ಟೈಮ್ ಆಯಿತು ಎಂದು ಹೆಂಡತಿ ಕೂಗಿದ್ದಳು.

"ಎಲ್ಲಿ?" ಎಂದರು ಹಿರಿಯರು.

"ಮನೆಯಲ್ಲಿ. ತಕ್ಕಡಿ ಮೇಲೆ."

ಹಿಂದಿನಿಂದ ಮೇಲ್ವಿಚಾರಕ ಬಂದು, ಅಂಗಡಿಯ ಗುಂಡೊಂದನ್ನು ಎರಡು ಬೆರಳಲ್ಲಿ ಹಿಡಿದು ಚಾಚಿದ. ಅವನ ಮುಖದಲ್ಲಿ ವ್ಯಂಗ್ಯವಿರಲಿಲ್ಲ, ನನ್ನ ಸಿಟ್ಟು ಏರಲು ಅದೇ ಸಾಕಾಯಿತು. ಹಿರಿಯರು ಗುಂಡನ್ನು ನೋಡಿ, ಬೇಡವೆಂದು ತಲೆಯಾಡಿಸಿ, ಸುರಿದ ಮದ್ದನ್ನು ಖಾಲಿ ಹೊಡೆದು ಮುಗಿಸಲು ಅವನ ಅನುಮತಿ ಕೇಳಿದರು. ಅವನು ಸರಿ ಎಂದ. ಅವರು ಕೋವಿಯನ್ನು ಆಸರೆಗೆ ಇಟ್ಟು, ಹಿಂದಿನ ಹನ್ನೆರಡಕ್ಕೆ ಮಾಡಿದಷ್ಟೇ ಎಚ್ಚರದಿಂದ ಕೆನ್ನೆ ಒರಗಿಸಿ, ಉಸಿರು ಹಿಡಿದು, ಗುಂಡಿಲ್ಲದ ಕೋವಿಯಿಂದ ಗುರಿಯಿಟ್ಟು ಹೊಡೆದರು.